ಆರತಿಯ ನಡುವೆ ತುಂಡಾದ ಸೋಬಾನೆ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಅತ್ತೆ ಮದುವೆಗಳಲ್ಲಿ ಹಾಡುವ ಸೋಬಾನೆ ಪದಗಳನ್ನೆಲ್ಲ ನಾನೇ ಒಂದೇ ಫೈಲಿನಲ್ಲಿ ಟೈಪ್ ಮಾಡಿ, ಪದಕ್ಕೊಂದು ಫೈಲ್ ಮಾಡಿಕೊಡು ಎಂದು ಕಂಪ್ಯೂಟರ್ ಬಲ್ಲ ಮೈದುನ ಮಲ್ಲುವಿಗೆ ಕೊಟ್ಟಿದ್ದೆ.

ಇವತ್ತು ಲಚ್ಯಾಣದ ಮದುವೆಯಲ್ಲಿ ಹೆಂಗಸರು ಮೊಬೈಲ್ ನೋಡಿಕೊಂಡು ಹಾಡುತ್ತಿದ್ದರು. ಸರಿಯಾಗಿ ಆರತಿ ಎತ್ತುವ ಹೊತ್ತಿಗೆ ಫೈಲ್ ಮುಗಿಯಿತು, ಪದ ಮುಗಿದಿರಲಿಲ್ಲ. ಎತ್ತಿದ ಆರತಿ ಎತ್ತಿದಂತೆಯೇ ನಿಂತಿತು.

ಅತ್ತೆ ಎಲ್ಲರೆದುರು ನನ್ನನ್ನೇ ಬೈದರು: “ನನ್ನ ಪದಾ ನಡಬರಕ ಯಾಕ ಕಡದಿ?”

ಮಲ್ಲುವನ್ನು ಕೇಳಿದರೆ ನಗುತ್ತಾನೆ. “ಫೈಲ್ ಕಡಿಯೋ ಸ್ಕ್ರಿಪ್ಟ್ ಬರೋಬ್ಬರಿ ಐತ್ರಿ ವೈನಿ, ನೂರು ಸಾಲಿಗೊಂದು ಫೈಲ್ ಮಾಡೇತಿ. ಪದಾ ಎಲ್ಲಿ ಮುಗೀತೈತಿ ಅಂತ ಯಾರು ಓದ್ಕೋತ ಕೂಡ್ತಾರ?”

ಸಂಜೆ ಅವನ ತಾಟಿಗೆ ಬರೀ ರೊಟ್ಟಿ ಹಾಕಿದೆ. “ಪಲ್ಯಾ ಎಲ್ಲೈತ್ರಿ?” ಎಂದ.

“ಮುಂದಿನ ಫೈಲಿನ್ಯಾಗ ಐತಿ,” ಎಂದೆ.