ಕಾಗದದ ಮೇಲೆ ಕಾಣದ ನೀಲಿ

“ಇದು ನನ್ನ ನೀಲಿ ಅಲ್ರಿ! ಪರದೆ ಮ್ಯಾಲೆ ಎಷ್ಟ್ ಚಂದ ಕಾಣತೈತಿ ನೋಡ್ರಿ,” ಎಂದು ತಾಯವ್ವ ನಾನು ಮುದ್ರಿಸಿದ್ದ ಪೊಟ್ಟಣದ ಹೊದಿಕೆಯನ್ನು ಮೇಜಿನ ಮೇಲೆ ಎಸೆದರು. ಅವರು ಮುರಗೂಡದಲ್ಲಿ ಊದಿನಕಡ್ಡಿ ತಯಾರಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ, ನಾನಿದ್ದ ಕೊಲ್ಹಾಪುರದ ಮುದ್ರಣಾಲಯಕ್ಕೆ ಬಣ್ಣದ ಪರದೆಯ ಕಂಪ್ಯೂಟರ್ ಆಗಷ್ಟೇ ಬಂದಿತ್ತು.

ಪರದೆಯ ಹೊಳಪು ಕಾಗದಕ್ಕೆ ಬರುವುದಿಲ್ಲವೆಂದು ಹೇಳುತ್ತಲೇ ಶಾಯಿ ಬದಲಿಸಿ ಮತ್ತೆ ಮತ್ತೆ ಮುದ್ರಿಸಿದೆ. ಅವರ ಜೊತೆಗೆ ಬಂದಿದ್ದ ಮಗಳು ಸುಶೀಲಾ ಎಲ್ಲವನ್ನೂ ಒಪ್ಪಿದರು. ತಾಯವ್ವನಿಗೆ ಮಾತ್ರ ಎಲ್ಲವೂ ಬೂದಿಯಂತೆ ಕಂಡವು. ನನಗೆ ಸಂಶಯ ಬಂತು.

“ಮಾವಶಿ, ನನ್ನ ಅಂಗಿ ಯಾವ ಬಣ್ಣ ಐತಿ?” ಎಂದು ತಾಯವ್ವನನ್ನು ಕೇಳಿದೆ.

ನಾನು ನೀಲಿ ಅಂಗಿ ತೊಟ್ಟಿದ್ದೆ. ಅವರು ದಿಟ್ಟಿಸಿ ನೋಡಿ ತಲೆ ತಗ್ಗಿಸಿದರು. “ಬರಬರತಾ ಎಲ್ಲಾ ಮಬ್ಬಾಗೇತ್ರಿ. ಪರದೆ ಹಂಗ ಬೆಳಕ ಇದ್ದದ್ದಷ್ಟ ಕಾಣತೈತಿ. ಇಕಿಗೆ ತಿಳಿದ್ರ ಕೆಲಸ ಬಿಡಸ್ತಾಳಂತ ಹೇಳಿಲ್ಲ.” ಸುಶೀಲಾ ಅಲ್ಲೇ ಅತ್ತುಬಿಟ್ಟರು.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ, ದಪ್ಪ ಕನ್ನಡಕ ಸಿಕ್ಕ ದಿನವೇ ತಾಯವ್ವ ಮಗಳೊಂದಿಗೆ ಆಸ್ಪತ್ರೆಯಿಂದ ನೇರವಾಗಿ ನಮ್ಮಲ್ಲಿಗೆ ಬಂದರು. ಅವರು ಬೇಡವೆಂದಿದ್ದ ಹೊದಿಕೆಯನ್ನೇ ಮುಂದಿಟ್ಟೆ. “ಇದಾ ನೋಡ್ರಿ ನಾ ಕೇಳಿದ್ದು!” ಎಂದು ನಕ್ಕರು. ಅದನ್ನು ನೋಡಲು ಸುಶೀಲಾ ಬಗ್ಗಿದಾಗ ತಾಯವ್ವನ ನಗು ನಿಂತಿತು. ಮಗಳ ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿ ಕೇಳಿದರು: “ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವ ಸುಶೀ?”

ಬಣ್ಣ ಸರಿಯಿಲ್ಲವೆಂದು ಗಿರಾಕಿಗಳು ಜಗಳಕ್ಕೆ ನಿಂತರೆ ಈಗ ನನಗೆ ಸಿಟ್ಟು ಬರುವುದಿಲ್ಲ. ಕೂರಿಸಿ, ಅವರಿಗೆ ಏನು ಕಾಣುತ್ತಿದೆ ಎಂದು ಕೇಳುತ್ತೇನೆ.