ಹದಿನೇಳನೇ ನಂಬರಿನ ಉಗುಳು

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ದೆವ್ವ ಪಿಶಾಚಿ ಅಂದರೆ ನಗುವವಳು ನಾನು. ಆದರೆ ಸಂತೇಬೆನ್ನೂರಿನಲ್ಲಿ ಆ ರಾತ್ರಿ ನಡೆದದ್ದರಲ್ಲಿ ಒಂದಕ್ಷರವೂ ಕಟ್ಟುಕತೆಯಲ್ಲ. ಕಟ್ಟುವುದೇ ಆಗಿದ್ದರೆ ನನ್ನ ಮರ್ಯಾದೆ ಉಳಿಯುವ ಹಾಗೆ ಕಟ್ಟುತ್ತಿದ್ದೆ.

ನಾನು ಹೊನ್ನಾಳಿಯವಳು. ಹನ್ನೆರಡು ವರ್ಷದಿಂದ ಪ್ರೋಟೀನುಗಳ ಸಂಶೋಧನೆಯಲ್ಲಿದ್ದೇನೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಸಾಕು, ಅದರಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ಹೇಳುತ್ತದೆ. ಅಡಿಕೆ ಅಗಿಯುವವರ ಬಾಯಿ ಕ್ಯಾನ್ಸರನ್ನು ಉಗುಳಿನಿಂದಲೇ ಬೇಗ ಗುರುತಿಸಬಹುದೇ ಎಂಬುದು ನನ್ನ ಹುಡುಕಾಟ. ಮಾತು ದೊಡ್ಡದು. ಕೆಲಸ ಮಾತ್ರ ಊರೂರು ತಿರುಗಿ ಉಗುಳು ಹಿಡಿಯುವುದು... ಥೂ, ಆ ವಾಸನೆ ನೆನೆದರೆ ಈಗಲೂ ಅನ್ನ ಸೇರುವುದಿಲ್ಲ.

ಸಂತೇಬೆನ್ನೂರಿನಲ್ಲಿ ಅವತ್ತು ಉಗುಳು ಕೊಡಲು ಕೊನೆಗೆ ಬಂದವರು ರುದ್ರಮ್ಮ. ಅಡಿಕೆ ಸುಲಿಯುವ ಕೆಲಸದವರು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಒಂದು ಗಂಟೆ ಮೊದಲಿನಿಂದ ಏನೂ ಅಗಿಯಬಾರದು ಎಂದು ಎಲ್ಲರಿಗೂ ಹೇಳಿದ್ದೆ. ಆಕೆ ಅಡಿಕೆ, ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ಕೂತಿದ್ದರು.

"ಸರಿಯಾಗಿ ನೋಡ್ರಿ ಮೇಡಂ. ಖಾರ ತಿನ್ನಾಕೆ ಆಗಲ್ಲ, ಉರಿ ಐತೆ. ದೊಡ್ಡಾಸ್ಪತ್ರೆಗೆ ಹೋಗಾಕೆ ಮನ್ಯಾಗೆ ಬಿಡಲ್ಲ. ನೀವು ಹೋಗು ಅಂದ್ರೆ ಕಳಿಸ್ತಾರೆ."

ಆಗಲೇ "ಹೋಗ್ರಿ" ಎನ್ನಬೇಕಿತ್ತು. ಆಕೆ ಎದ್ದು ಹೋದರೆ ಸಾಕು ಅನ್ನಿಸಿತ್ತು. "ಯಂತ್ರದಾಗೆ ನೋಡಿ ಹೇಳ್ತೀನಿ" ಎಂದು ಸಾಗಹಾಕಿದೆ.

ರಾತ್ರಿ ಬಾಡಿಗೆ ಕೋಣೆಯಲ್ಲಿ ಉಗುಳಿನ ಟ್ಯೂಬುಗಳನ್ನು ಜೋಡಿಸುವಾಗ ಆಕೆಯ ಟ್ಯೂಬಿನ ಮುಚ್ಚಳ ಸಡಿಲಾಗಿತ್ತು. ಕೆಂಪಗೆ, ಲೋಳೆಲೋಳೆಯಾಗಿ, ಅಡಿಕೆಯ ಚೂರುಗಳ ಸಮೇತ ನನ್ನ ಮಣಿಕಟ್ಟಿನ ಮೇಲೆ ಇಳಿಯಿತು. ಟ್ಯೂಬನ್ನು ಬಚ್ಚಲಿಗೆ ಸುರಿದು ಮೂರು ಸಲ ಕೈ ತೊಳೆದೆ.

ಲೆಕ್ಕಕ್ಕೆ ಒಂದು ಕಡಿಮೆ ಬಿತ್ತು. ಬೆಳಗಾದರೆ ಬಸ್ಸು. ಮತ್ತೆ ಆಕೆಯ ಬಾಯಿಯ ಮುಂದೆ ಕೂರುವುದೇ? ಹೊಸ ಟ್ಯೂಬಿಗೆ ನನ್ನದೇ ಉಗುಳು ತುಂಬಿ, ಹದಿನೇಳು ಎಂದು ಆಕೆಯ ನಂಬರು ಬರೆದು ಐಸ್ ಡಬ್ಬಿಯಲ್ಲಿಟ್ಟೆ. ನಾಚಿಕೆಗೇಡಿನ ಕೆಲಸ, ಗೊತ್ತು.

ಒಂದೂವರೆ ಇರಬಹುದು, ಎಚ್ಚರವಾಯಿತು.

ಥೂ...

ಯಾರೋ ಹತ್ತಿರದಲ್ಲೇ ಉಗುಳಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಥೂ. ಕೋಣೆಯಲ್ಲಿ ನಾನೊಬ್ಬಳೇ. ಸದ್ದು ಬರುತ್ತಿದ್ದದ್ದು ಐಸ್ ಡಬ್ಬಿಯಿಂದ.

ಲೈಟು ಹಾಕಿ ಮುಚ್ಚಳ ತೆಗೆದೆ. ನೆನೆದ ಹೊಗೆಸೊಪ್ಪಿನ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಉಳಿದ ಟ್ಯೂಬುಗಳೆಲ್ಲ ಐಸಿನಷ್ಟೇ ತಣ್ಣಗಿದ್ದವು. ಹದಿನೇಳನೆಯದನ್ನು ಮುಟ್ಟಿದೆ...

ಬೆಚ್ಚಗಿತ್ತು. ಈಗತಾನೇ ಬಾಯಿಂದ ಬಿದ್ದಷ್ಟು ಬೆಚ್ಚಗೆ.

ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಬೆಳಗಿನವರೆಗೂ ಗೋಡೆಗೆ ಒರಗಿ ಕೂತಿದ್ದೆ.

ಲ್ಯಾಬಿನಲ್ಲಿ ಆ ಟ್ಯೂಬನ್ನು ಎಸೆಯಬೇಕೆಂದುಕೊಂಡವಳು, ಏಕೋ ಯಂತ್ರಕ್ಕೆ ಕೊಟ್ಟೆ. ಕಾಯಿಲೆ ಬಿದ್ದ ಬಾಯಲ್ಲಿ ಏರುವ ಪ್ರೋಟೀನುಗಳೆಲ್ಲ ಅದರಲ್ಲಿ ಏರಿದ್ದವು. ಅದು ನನ್ನ ಉಗುಳಲ್ಲವೇ, ಕಾಯಿಲೆ ನನಗೇ ಇದೆಯೇ! ಮತ್ತೆ ಹಾಕಿದೆ, ಅದೇ ಬಂತು. ನನ್ನ ಹೊಸ ಉಗುಳನ್ನು ಮೂರು ಸಲ ಹಾಕಿದೆ. ಮೂರು ಸಲವೂ ಏನೂ ಏರಿರಲಿಲ್ಲ. ಟ್ಯೂಬು ಅದಲುಬದಲಾಯಿತೇ ಎಂದು ಪ್ರತಿಯೊಂದನ್ನೂ ತಾಳೆ ನೋಡಿದೆ. ಆಗಿರಲಿಲ್ಲ.

ರುದ್ರಮ್ಮನಿಗೆ ಫೋನು ಮಾಡಿ, "ಇವತ್ತೇ ಆಸ್ಪತ್ರೆಗೆ ಹೋಗ್ರಿ, ನಾನು ಹೇಳೀನಿ ಅಂತ ಮನ್ಯಾಗೆ ಹೇಳ್ರಿ" ಎಂದೆ. ಅಲ್ಲಿ ಕೆನ್ನೆಯ ಒಳಗಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರೇ. ಇನ್ನೂ ಶುರುವಿನಲ್ಲಿತ್ತು, ಆಪರೇಷನ್ ಆಯಿತು.

ಹದಿನೇಳನೇ ನಂಬರನ್ನು ನನ್ನ ಲೆಕ್ಕದಿಂದ ತೆಗೆದೆ. ಕೇಳಿದವರಿಗೆ ಸ್ಯಾಂಪಲ್ ಕೆಟ್ಟಿತ್ತು ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು.

ಹೋದ ತಿಂಗಳು ಆಕೆಯೇ ಫೋನು ಮಾಡಿದರು. ಮಾತು ತೊದಲುತ್ತಿತ್ತು.

"ಮೇಡಂ, ನನ್ನ ಬಾಯಿ ಕಂಡ್ರೆ ಮನೇರೂ ಮುಖ ತಿರುವ್ತಿದ್ರು. ನಿಮಗೊಬ್ರಿಗೆ ನನ್ನ ಉಗುಳು ಹೇಸಿಗೆ ಆಗ್ಲಿಲ್ಲ ನೋಡ್ರಿ... ಅದಕ್ಕೇ ನಾ ಉಳಕಂಡೆ."

"ಅಲ್ಲ ರುದ್ರಮ್ಮಾರೇ, ನಾನು..." ಎಂದು ಬಾಯಿ ತೆರೆದೆ.

ಬಾಯಿ ತುಂಬ ಬೆಚ್ಚಗೆ ನೀರೂರಿತು. ಒಗರು, ಖಾರ, ಹೊಗೆಸೊಪ್ಪು. ಜನ್ಮದಲ್ಲಿ ಒಂದು ಹೋಳು ಅಡಿಕೆ ಬಾಯಿಗಿಟ್ಟವಳಲ್ಲ ನಾನು. ಫೋನು ಕಿವಿಗೆ ಹಿಡಿದೇ ನಿಂತಿದ್ದೆ... ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.