ಲೋಟದ ಸಾಹೇಬನ ಒಂದು ಗುಟುಕು

ವಾಹನ ಪರವಾನಗಿ ಕಚೇರಿಯಲ್ಲಿ ಪರೀಕ್ಷಕ ಅಂತ ಇದ್ದವನು ಅವನೊಬ್ಬನೇ. ಊರು ಅವನಿಗೆ ಇಟ್ಟ ಹೆಸರು ಲೋಟದ ಸಾಹೇಬ. ಪರೀಕ್ಷೆಗೆ ಬಂದವರ ಗಾಡಿಯ ಮುಂಗಾಜಿನ ಕೆಳಗೆ ಒಂದು ಸ್ಟೀಲ್ ಲೋಟ ಇಟ್ಟು, ಅಂಚಿನ ಗೆರೆಯವರೆಗೆ ನೀರು ತುಂಬಿಸುತ್ತಿದ್ದ. ಮೈದಾನದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಹನಿ ಚೆಲ್ಲಿದರೆ ಫೇಲ್. ಈ ನಿಯಮ ಯಾವ ಸರ್ಕಾರಿ ಪುಸ್ತಕದಲ್ಲೂ ಇರಲಿಲ್ಲ. ಅವನ ತಲೆಯಲ್ಲಿತ್ತು, ಅಲ್ಲಿಂದ ಕೀಳಲು ಯಾರಿಂದಲೂ ಆಗಿರಲಿಲ್ಲ. ಮೇಲಧಿಕಾರಿಯ ಅಳಿಯನನ್ನೇ ಎರಡು ಸಲ ಫೇಲ್ ಮಾಡಿದ್ದ. ತನ್ನ ಕ್ಷೌರಿಕನನ್ನೂ ಬಿಟ್ಟಿರಲಿಲ್ಲ. ಆ ತಿಂಗಳು ಸಾಹೇಬನ ತಲೆ ಇಲಿ ಕಡಿದ ಹಾಗಿತ್ತು. ಮುಖ ನೋಡಿ ಮಣೆ ಹಾಕುವವನಲ್ಲ ಎಂದು ಜನ ಹೊಗಳುತ್ತಿದ್ದರು, ಪಾಸಾದವರು ಮಾತ್ರ.

ಇಂಥವನ ಮುಂದೆ ಒಂದು ದಿನ ಅರ್ಜಿ ಹಿಡಿದು ನಿಂತವಳು ಅವನ ಸ್ವಂತ ಅಕ್ಕ.

ಅಕ್ಕ ಕೆಲಸಕ್ಕಿದ್ದ ಛಾಪಾಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಶಾಲೆಯೊಂದು ಮಕ್ಕಳ ವ್ಯಾನ್ ಓಡಿಸಲು ಅವಳನ್ನು ಒಪ್ಪಿತ್ತು, ಆದರೆ ಹತ್ತು ದಿನದಲ್ಲಿ ಪರವಾನಗಿ ತೋರಿಸಬೇಕು. ಫೇಲಾದರೆ ಮರುಪರೀಕ್ಷೆ ಹದಿನೈದು ದಿನಕ್ಕೆ. ಅಂದರೆ ಫೇಲಾದರೆ ಕೆಲಸಕ್ಕೆ ಎಳ್ಳುನೀರು. ಅಕ್ಕ ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಿದ್ದಳು, ನಿಲ್ಲಿಸುವುದೊಂದೇ ಕಷ್ಟ. ಬ್ರೇಕನ್ನು ಜಿರಳೆ ತುಳಿದಂತೆ ತುಳಿಯುತ್ತಿದ್ದಳು.

ಬೆಳಿಗ್ಗೆ ಮನೆಯಲ್ಲಿ ಅಮ್ಮ ಬೇರೆ ಕಿವಿ ಹಿಂಡಿದ್ದಳು. "ನಿನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕಣೋ. ಒಂದು ಲೋಟ ನೀರಿಗೋಸ್ಕರ ಅವಳ ಹೊಟ್ಟೆ ಮೇಲೆ ಹೊಡೀಬೇಡ."

ಅದು ಬರೀ ಸೊಂಟದ ಋಣವೂ ಆಗಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಪಾತ್ರೆಯ ಹಾಲನ್ನೆಲ್ಲ ಕದ್ದು ಕುಡಿದಾಗ ಅಕ್ಕ ಕಣ್ಣು ಮಿಟುಕಿಸದೆ, "ಬೆಕ್ಕು ಕುಡೀತಮ್ಮ" ಎಂದಿದ್ದಳು. ಅಮ್ಮ ಪೊರಕೆ ಹಿಡಿದು ಬೀದಿಯ ಕೊನೆಯವರೆಗೂ ಹುಡುಕಿದ್ದಳು. ಆ ಬೀದಿಯಲ್ಲಿ ಬೆಕ್ಕೇ ಇರಲಿಲ್ಲ.

ಅಕ್ಕ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸಾಹೇಬನಿಗೆ ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಡೆಗೆ ಲೋಟ ಎತ್ತಿಕೊಂಡ. ಕಿಟಕಿಯ ಕಡೆ ತಿರುಗಿ ಒಂದು ಗುಟುಕು ಕುಡಿದ. ಒಂದು ಗುಟುಕು ಸಾಲುತ್ತಾ ಅನ್ನಿಸಿತು. ಇನ್ನೊಂದು ಕುಡಿದ. ಇಪ್ಪತ್ತು ವರ್ಷದ ನಿಯತ್ತು ಗಂಟಲಲ್ಲಿ ಗುಳುಕ್ ಎಂದಿತು.

"ಬಾಯಾರಿಕೆನಾ ಸಾಹೇಬ್ರೇ?" ಅಕ್ಕ ಕೇಳಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಕನ್ನಡಿಗೆ ಕಾಣುವುದಿಲ್ಲವೇ?

ಅವನಿಗೆ ನೀರು ನೆತ್ತಿಗೆ ಹತ್ತಿತು. ಕೆಮ್ಮುತ್ತಲೇ, "ಹೂಂ... ಬಿಸಿಲು" ಎಂದ. ಹೊರಗೆ ಮೋಡ ಕವಿದಿತ್ತು.

ಅಕ್ಕ ಲೋಟ ಕಿತ್ತುಕೊಂಡು ಇಳಿದಳು. ಅಂಗಳದ ನಲ್ಲಿಯಲ್ಲಿ ಗೆರೆಯವರೆಗೆ ತುಂಬಿಸಿ ತಂದು ಇಟ್ಟಳು. "ನಾನು ಕೂರಿಸಿಕೊಂಡು ಹೋಗೋದು ಮಕ್ಕಳನ್ನ ಕಣೋ, ಲಗೇಜನ್ನಲ್ಲ. ಲೈಸೆನ್ಸ್ ಬರೋದಿದ್ರೆ ಬರುತ್ತೆ, ಇಲ್ಲದಿದ್ರೆ ಇಲ್ಲ. ನೀನು ಸುಮ್ನೆ ನೋಡು."

ಅವಳು ತಿರುವುಗಳನ್ನು ನಯವಾಗಿ ದಾಟಿದಳು. ಇಳಿಜಾರನ್ನೂ ದಾಟಿದಳು. ಸಾಹೇಬ ಉಸಿರು ಬಿಗಿಹಿಡಿದು, ಚೆಲ್ಲಬೇಡ, ಚೆಲ್ಲಬೇಡ ಎಂದು ನೀರಿಗೇ ಅಂಗಲಾಚುತ್ತಿದ್ದ. ಗಾಡಿ ನಿಲ್ಲಿಸಬೇಕಾದ ಗೆರೆಯ ಹತ್ತಿರ ಅಕ್ಕನಿಗೆ ಬ್ರೇಕಿನ ಕೆಳಗೆ ಜಿರಳೆ ಕಂಡಿತು. ಮೂರು ಹನಿ ಚೆಲ್ಲಿತು.

"ಬರಿ" ಎಂದಳು ಅಕ್ಕ.

ಬರೆದ. ಪೆನ್ನು ಅಷ್ಟು ಭಾರವಾಗಿದ್ದುದು ಅವನಿಗೆ ನೆನಪಿರಲಿಲ್ಲ. ಅಳು ಬಂದಿತ್ತು, ಮುಂದಿನ ಅರ್ಜಿದಾರ ಕಾಯುತ್ತಿದ್ದುದರಿಂದ ನುಂಗಿಕೊಂಡ.

ಸಂಜೆ ಅಡುಗೆಮನೆಯಲ್ಲಿ ಅಮ್ಮ ಸೌಟು ಹಿಡಿದೇ ವಿಚಾರಣೆಗೆ ನಿಂತಳು. "ಕೂತು ನೋಡೋನು ಸ್ವಂತ ತಮ್ಮ. ಆದ್ರೂ ಫೇಲಾ? ಹೇಗೆ?"

ಸಾಹೇಬ ತಟ್ಟೆಯೊಳಗೆ ಹೊಕ್ಕುಬಿಡುವಂತೆ ತಲೆ ತಗ್ಗಿಸಿದ. ಅಕ್ಕ ಕಣ್ಣು ಮಿಟುಕಿಸದೆ ಹೇಳಿದಳು, "ಗಾಡಿಗೆ ಬೆಕ್ಕು ಅಡ್ಡ ಬಂತಮ್ಮ. ಜೋರಾಗಿ ಬ್ರೇಕ್ ಹಾಕಬೇಕಾಯ್ತು. ಇವನೇನು ಮಾಡ್ತಾನೆ ಪಾಪ."

ಅಮ್ಮ ಇಬ್ಬರನ್ನೂ ಒಂದು ಗಳಿಗೆ ನೋಡಿದಳು. "ಅದೇ ಬೆಕ್ಕಾ? ಇನ್ನೂ ಬದುಕಿದೆಯಾ ಅದು? ಮೂವತ್ತೈದು ವರ್ಷ ಆಯ್ತಲ್ಲೇ!"

ಅಮ್ಮ ಒಲೆಯ ಮೇಲಿಂದ ಪಾತ್ರೆ ಇಳಿಸಿ, ಒಂದು ಲೋಟಕ್ಕೆ ಅಂಚಿನ ಗೆರೆಯವರೆಗೆ ಹಾಲು ಬಗ್ಗಿಸಿ ಮಗನ ಮುಂದೆ ಇಟ್ಟಳು. "ಕುಡಿ. ಈ ಸಲ ನನ್ನೆದುರಿಗೇ ಕುಡಿ."

ಸಾಹೇಬ ಲೋಟ ಎತ್ತಿದ. ಮೇಜಿನ ಮೇಲೆ ಮೂರು ಹನಿ ಬಿದ್ದವು.

"ಫೇಲ್" ಎಂದಳು ಅಕ್ಕ.